ಓಡುವ ಸ್ಲೈಡರ್, ಕಿವಿಯಿಂದ ಓದುವವರು

ಜಾಲತಾಣಗಳ ಮುಖಪುಟದ ಮೇಲ್ಭಾಗದಲ್ಲಿ ಕೆಲವು ಸೆಕೆಂಡಿಗೊಮ್ಮೆ ತಾನಾಗಿ ಬದಲಾಗುವ ದೊಡ್ಡ ಚಿತ್ರಗಳ ಸಾಲನ್ನು ನೀವೆಲ್ಲ ನೋಡಿದ್ದೀರಿ. ಜಾಲತಾಣ ಕಟ್ಟುವವರು ಅದನ್ನು ಸ್ಲೈಡರ್ ಎನ್ನುತ್ತಾರೆ, ಕಚೇರಿಗಳಲ್ಲಿ ಬ್ಯಾನರ್ ಎನ್ನುತ್ತಾರೆ, ತಾಂತ್ರಿಕ ಕೈಪಿಡಿಗಳಲ್ಲಿ ಕ್ಯಾರೊಸೆಲ್ ಎಂದಿರುತ್ತದೆ. ಪರದೆಯನ್ನು ನೋಡದೆ ಸ್ಕ್ರೀನ್ ರೀಡರ್ ತಂತ್ರಾಂಶದ ದನಿಯನ್ನು ಕೇಳಿ ಓದುವವರಿಗೆ, ಮೌಸ್ ಹಿಡಿಯಲಾಗದೆ ಕೀಬೋರ್ಡ್ ಒಂದನ್ನೇ ನೆಚ್ಚಿದವರಿಗೆ ಈ ಸ್ಲೈಡರ್ ಒಡ್ಡುವ ತೊಡಕುಗಳ ಬಗ್ಗೆ ಬಂದ ಐದು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಪದವಿ ಕಾಲೇಜೊಂದರ ಉಪನ್ಯಾಸಕಿ, ಕಾಲೇಜಿನ ಜಾಲತಾಣದ ಹೊಣೆಯೂ ನನ್ನದೇ. ಮುಖಪುಟದಲ್ಲಿ ಐದು ಚಿತ್ರಗಳ ಸ್ಲೈಡರ್ ಇದೆ, ನಾಲ್ಕು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು ಮೂರನೆಯ ಚಿತ್ರದಲ್ಲಿ ಹಾಕಿದ್ದೆವು. ನಮ್ಮ ಅಂಧ ವಿದ್ಯಾರ್ಥಿಯೊಬ್ಬನಿಗೆ ಅದು ಸಿಗಲೇ ಇಲ್ಲ. ದಂಡ ಸೇರಿಸಿ ಕಟ್ಟಬೇಕಾಯಿತು. ಸ್ಲೈಡರನ್ನೇ ತೆಗೆದುಬಿಡಬೇಕೆ? (ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ತೆಗೆಯುವ ಮಾತಿಗೆ ಮೊದಲು, ಆ ವಿದ್ಯಾರ್ಥಿಯ ಕಿವಿಗೆ ಏನು ಬಿದ್ದಿತು ಎಂಬುದನ್ನು ನೋಡೋಣ. ನೀವು ಕಳಿಸಿದ ವಿಳಾಸವನ್ನು ತೆರೆದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ ಪುಟವನ್ನು ಕೇಳಿದೆ. ಕಾಲೇಜಿನ ಹೆಸರು, ಆಮೇಲೆ ಮೆನುವಿನ ಹನ್ನೊಂದು ಲಿಂಕುಗಳು, ಆಮೇಲೆ ಸ್ಲೈಡರ್. ಅಲ್ಲಿ ಕೇಳಿದ್ದು ಇಷ್ಟು: "ಗ್ರಾಫಿಕ್, ಲಿಂಕ್, ಬ್ಯಾನರ್ ಒಂದು ಫೈನಲ್." ಇನ್ನೊಮ್ಮೆ ಕೇಳೋಣವೆಂದು ಬಾಣದ ಕೀಲಿ ಒತ್ತುವಷ್ಟರಲ್ಲಿ ಸ್ಲೈಡ್ ಬದಲಾಗಿ, ನಾನು ನಿಂತಿದ್ದ ಸಾಲೇ ಪುಟದಿಂದ ಮಾಯವಾಗಿತ್ತು, ದನಿ ನನ್ನನ್ನು ಪ್ರಾಂಶುಪಾಲರ ಸಂದೇಶದ ನಡುವೆ ತಂದು ನಿಲ್ಲಿಸಿತ್ತು. ಮೂರನೆಯ ಚಿತ್ರ ಬಂದಾಗಲೂ ಕಡತದ ಹೆಸರೇ ಹೊರತು ದಿನಾಂಕವಿಲ್ಲ, ಏಕೆಂದರೆ ಆ ದಿನಾಂಕ ಅಕ್ಷರವಾಗಿ ಇರಲಿಲ್ಲ, ಚಿತ್ರದೊಳಗೆ ಬಿಡಿಸಿದ ಗೆರೆಗಳಾಗಿ ಇತ್ತು. ನಿಮ್ಮ ವಿದ್ಯಾರ್ಥಿ ಅಸಡ್ಡೆ ಮಾಡಿದ್ದಲ್ಲ. ಅವನ ಮಟ್ಟಿಗೆ ಆ ಪ್ರಕಟಣೆ ಹೊರಬಿದ್ದೇ ಇರಲಿಲ್ಲ.

ಇಲ್ಲಿ ಎರಡು ತಪ್ಪುಗಳು ಕೂಡಿಕೊಂಡಿವೆ. ಚಿತ್ರಕ್ಕೆ ಬದಲಿ ಪಠ್ಯ ಇಲ್ಲದಿರುವುದು ಒಂದು. "ಪರೀಕ್ಷಾ ಪ್ರಕಟಣೆಯ ಚಿತ್ರ" ಎಂದು ಬರೆದರೆ ಅದು ಬದಲಿ ಪಠ್ಯವಾಗುವುದಿಲ್ಲ. ಯಾವ ಸೆಮಿಸ್ಟರ್, ಎಷ್ಟು ಶುಲ್ಕ, ಯಾವ ದಿನದೊಳಗೆ ಎಂದು ಕಣ್ಣಿಗೆ ಕಾಣುವ ಮಾತೆಲ್ಲ ಅದರಲ್ಲಿ ಇರಬೇಕು. ಅದಕ್ಕಿಂತಲೂ ಒಳ್ಳೆಯದು, ಚಿತ್ರದ ಮೇಲೆ ನಿಜವಾದ ಯೂನಿಕೋಡ್ ಅಕ್ಷರಗಳನ್ನೇ ಕೂರಿಸುವುದು. ಎರಡನೆಯ ತಪ್ಪು, ಕೇಳುವವರ ಕೈಯಿಂದ ಸಮಯವನ್ನು ಕಿತ್ತುಕೊಂಡಿರುವುದು. ಕಣ್ಣುಳ್ಳವರು ಪುಟವನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಸ್ಕ್ರೀನ್ ರೀಡರ್ ಬಳಸುವವರು ಸಾಲಿನಿಂದ ಸಾಲಿಗೆ ಹೋಗುತ್ತಾರೆ, ಬೇಕಾದಲ್ಲಿ ನಿಲ್ಲುತ್ತಾರೆ, ಹಿಂದಕ್ಕೆ ಬರುತ್ತಾರೆ. ಅವರು ಓದುತ್ತಿರುವ ಸಾಲನ್ನೇ ಎಳೆದುಕೊಳ್ಳುವ ಪುಟದಲ್ಲಿ ಯಾವ ಜಾಣ್ಮೆಯೂ ಕೆಲಸ ಮಾಡುವುದಿಲ್ಲ. ಅದಕ್ಕೆಂದೇ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಜಾಲ ಸುಗಮ್ಯತೆಯ ಮಾರ್ಗಸೂಚಿ, ಎಂದರೆ ಡಬ್ಲ್ಯುಸಿಎಜಿ, 2008ರಿಂದಲೇ ಒಂದು ನಿಯಮವನ್ನು ಇಟ್ಟಿದೆ: ತಾನಾಗಿ ಶುರುವಾಗಿ, ಪುಟದ ಉಳಿದ ವಿಷಯದ ಜೊತೆಜೊತೆಗೇ 5 ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವ ಯಾವುದನ್ನೇ ಆಗಲಿ, ಬಳಸುವವರು ತಡೆಯಲು, ನಿಲ್ಲಿಸಲು ಅಥವಾ ಮರೆಮಾಡಲು ದಾರಿ ಇರಬೇಕು. ನಿಯಮದ ಸಂಖ್ಯೆ 2.2.2, ಅದು ಎ ಮಟ್ಟದ್ದು, ಎಂದರೆ ಕನಿಷ್ಠ ಅರ್ಹತೆಗೇ ಬೇಕಾದದ್ದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾಲೇಜಿನ ವಾರ್ಷಿಕೋತ್ಸವದ ಫೋಟೋಗಳಿಗೆ ಸ್ಲೈಡರ್ ಇರಲಿ. ದಿನಾಂಕ, ಶುಲ್ಕ, ಫಲಿತಾಂಶ, ರಜೆ ಇವುಗಳನ್ನು ಅಲ್ಲಿಂದ ಇಂದೇ ತೆಗೆಯಿರಿ. ಇದನ್ನು ನಾನು ಅಂಧರ ಸಲುವಾಗಿ ಮಾತ್ರ ಹೇಳುತ್ತಿಲ್ಲ. ಅಮೆರಿಕದ ನಾಟ್ರ ಡೇಮ್ ವಿಶ್ವವಿದ್ಯಾಲಯದ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದ ಎರಿಕ್ ರನ್ಯನ್ 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿನ ಮುಖಪುಟಕ್ಕೆ ಬಂದವರಲ್ಲಿ ಸ್ಲೈಡರಿನ ಮೇಲೆ ಕ್ಲಿಕ್ ಮಾಡಿದವರು ಸುಮಾರು ಶೇಕಡ 1ರಷ್ಟು ಮಾತ್ರ. ಆ ಕ್ಲಿಕ್ಕುಗಳಲ್ಲಿ ಶೇಕಡ 84ರಷ್ಟು ಮೊದಲನೆಯ ಸ್ಲೈಡಿಗೇ ಹೋಗಿದ್ದವು. ಮೂರನೆಯ ಸ್ಲೈಡಿನಲ್ಲಿ ಇಟ್ಟ ಸುದ್ದಿ ಕಣ್ಣುಳ್ಳವರಿಗೂ ಅಷ್ಟಾಗಿ ತಲುಪುವುದಿಲ್ಲ. ಎಲ್ಲ ವಿಭಾಗಗಳವರೂ ಮುಖಪುಟದ ಮೇಲ್ಭಾಗದಲ್ಲೇ ಜಾಗ ಬೇಡುತ್ತಾರೆ, ಯಾರಿಗೂ ಇಲ್ಲವೆನ್ನಲು ಆಗದೆ ಸ್ಲೈಡರ್ ಹುಟ್ಟಿಕೊಳ್ಳುತ್ತದೆ. ನಿಮ್ಮ ಕಾಲೇಜಿನಲ್ಲೂ ಹಾಗೆಯೇ ಆಗಿದ್ದರೆ ಅಚ್ಚರಿಯಿಲ್ಲ. "ಪ್ರಕಟಣೆಗಳು" ಎಂಬ ಶೀರ್ಷಿಕೆ ಕೊಟ್ಟು, ಅದರ ಕೆಳಗೆ ದಿನಾಂಕಸಹಿತ ಲಿಂಕುಗಳ ಸಾದಾ ಪಟ್ಟಿ ಇಡಿ. ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ ಬಿಡಬೇಡಿ, ನಿಜವಾದ ಶೀರ್ಷಿಕೆಯೆಂದೇ ಗುರುತು ಹಾಕಿಸಿ. ಆಗ ನಿಮ್ಮ ವಿದ್ಯಾರ್ಥಿ, ಶೀರ್ಷಿಕೆಯಿಂದ ಶೀರ್ಷಿಕೆಗೆ ಒಯ್ಯುವ ಎಚ್ ಕೀಲಿಯನ್ನು ಒಂದೆರಡು ಸಲ ಒತ್ತಿ ನೇರವಾಗಿ ಅಲ್ಲಿಗೇ ಬರುತ್ತಾನೆ.

ಪ್ರಶ್ನೆ: ನಾನು ಸಣ್ಣ ಸಂಸ್ಥೆಗಳಿಗೆ ಜಾಲತಾಣ ಮಾಡಿಕೊಡುತ್ತೇನೆ. ಗ್ರಾಹಕರು ಸ್ಲೈಡರ್ ಬೇಕೇ ಬೇಕೆನ್ನುತ್ತಾರೆ. ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಎಂದರೆ ಲೈಬ್ರರಿ, ಬಳಸುತ್ತೇನೆ. ಸ್ಕ್ರೀನ್ ರೀಡರಿಗೂ ಕೀಬೋರ್ಡಿಗೂ ಒಗ್ಗುವಂತೆ ಮಾಡಲು ಏನೇನು ಬದಲಿಸಬೇಕು? (ಬೆಂಗಳೂರಿನ ಓದುಗರು)

ಉತ್ತರ: ಎಲ್ಲಕ್ಕಿಂತ ಮೊದಲು ಅದು ತಾನಾಗಿ ಓಡದಂತೆ ಮಾಡಿ. ಈ ಒಂದು ಬದಲಾವಣೆಯಿಂದ ಅರ್ಧ ತೊಂದರೆ ಹೋಗುತ್ತದೆ, ಗ್ರಾಹಕರು ಬಹುತೇಕ ಗಮನಿಸುವುದೂ ಇಲ್ಲ. ಓಡಲೇಬೇಕೆಂದು ಅವರು ಹಟ ಹಿಡಿದರೆ, ನಿಲ್ಲಿಸುವ ಗುಂಡಿಯನ್ನು ಸ್ಲೈಡುಗಳಿಗಿಂತ ಮೊದಲು ಇಡಿ. ಕಣ್ಣಿಗೆ ಅದು ಎಲ್ಲಿ ಕಾಣಬೇಕು ಎಂಬುದು ಬೇರೆ ಮಾತು; ಟ್ಯಾಬ್ ಕೀಲಿ ಒತ್ತುತ್ತಾ ಬರುವವರಿಗೆ ಸ್ಲೈಡರಿನೊಳಗೆ ಮೊದಲು ಸಿಗುವ ಗುಂಡಿ ಅದೇ ಆಗಿರಬೇಕು. ಓಡುತ್ತಿರುವಾಗ ಅದರ ಹೆಸರು "ಸ್ಲೈಡ್ ಓಟ ನಿಲ್ಲಿಸಿ", ನಿಂತ ಮೇಲೆ "ಸ್ಲೈಡ್ ಓಟ ಆರಂಭಿಸಿ". ಹೆಸರನ್ನು ಬದಲಿಸುವುದರ ಜೊತೆಗೆ ಗುಂಡಿ ಒತ್ತಿದ ಸ್ಥಿತಿಯಲ್ಲಿದೆ ಎಂಬ ಗುರುತನ್ನೂ ಸೇರಿಸಬೇಡಿ. "ನಿಲ್ಲಿಸಿ, ಒತ್ತಲಾಗಿದೆ" ಎಂದು ಕೇಳಿದವರಿಗೆ ಅದು ನಿಂತಿದೆಯೋ ಓಡುತ್ತಿದೆಯೋ ತಿಳಿಯದು. ಕೀಬೋರ್ಡಿನ ಫೋಕಸ್, ಎಂದರೆ ಕೀಲಿ ಒತ್ತಿದರೆ ಯಾವುದಕ್ಕೆ ತಾಗುತ್ತದೆ ಎಂಬ ಗುರುತು, ಸ್ಲೈಡರಿನೊಳಗೆ ಕಾಲಿಟ್ಟ ಕೂಡಲೇ ಓಟ ನಿಲ್ಲಬೇಕು, ಮತ್ತು ಬಳಸುವವರು ತಾವಾಗಿ ಗುಂಡಿ ಒತ್ತುವ ತನಕ ಮತ್ತೆ ಶುರುವಾಗಬಾರದು. ಮೌಸ್ ಮೇಲೆ ಬಂದಾಗಲೂ ನಿಲ್ಲಬೇಕು. ಆದರೆ ಮೌಸ್ ಬಂದಾಗ ಮಾತ್ರ ನಿಲ್ಲುವ ಏರ್ಪಾಡು ಕೀಬೋರ್ಡ್ ಬಳಸುವವರಿಗೆ ಯಾವ ಉಪಯೋಗಕ್ಕೂ ಬಾರದು.

ಇನ್ನು ಗುರುತುಗಳ ವಿಚಾರ, ಎಂದರೆ ಪುಟದ ಯಾವ ಭಾಗ ಏನೆಂದು ಸ್ಕ್ರೀನ್ ರೀಡರಿಗೆ ತಿಳಿಸಲು ಕೋಡಿನಲ್ಲಿ ಬರೆಯುವ ಗುಣಗಳು; ಏರಿಯಾ ಎಂದು ಶುರುವಾಗುವವು ಇಂಥವೇ. ಹೊರ ಪೆಟ್ಟಿಗೆಗೆ ರೀಜನ್ ಎಂಬ ಪಾತ್ರ ಕೊಟ್ಟು, "ಹೊಸ ಉತ್ಪನ್ನಗಳು" ಎಂಬಂಥ ಹೆಸರಿಟ್ಟು, ಏರಿಯಾ-ರೋಲ್‌ಡಿಸ್ಕ್ರಿಪ್ಶನ್ ಗುಣಕ್ಕೆ "ಕ್ಯಾರೊಸೆಲ್" ಎಂದು ಕನ್ನಡದಲ್ಲೇ ಬರೆಯಿರಿ. ಹೆಸರಿನಲ್ಲಿ ಕ್ಯಾರೊಸೆಲ್ ಎಂಬ ಪದ ಮತ್ತೆ ಬೇಡ, ಎರಡೆರಡು ಸಲ ಕೇಳಿಸುತ್ತದೆ. ಒಳಗಿನ ಪ್ರತಿ ಸ್ಲೈಡೂ ಒಂದು ಗ್ರೂಪ್. ಅದರ ಹೆಸರು "5ರಲ್ಲಿ 2" ಎಂದಿದ್ದರೂ ಸಾಕು, ಸ್ಲೈಡಿನ ಶೀರ್ಷಿಕೆಯೇ ಆಗಿದ್ದರೆ ಇನ್ನೂ ಮೇಲು. ಸ್ಲೈಡುಗಳನ್ನು ಹೊತ್ತ ಪೆಟ್ಟಿಗೆಗೆ, ಅಲ್ಲಿನ ಬದಲಾವಣೆಯನ್ನು ದನಿ ತಾನಾಗಿ ಹೇಳಬೇಕೇ ಎಂದು ತಿಳಿಸುವ ಏರಿಯಾ-ಲೈವ್ ಗುಣ ಬೇಕು: ತಾನಾಗಿ ಓಡುತ್ತಿರುವಾಗ ಆಫ್, ನಿಂತ ಮೇಲೆ ಪೊಲೈಟ್. ಇಲ್ಲಿ ಎಡವುವವರು ಬಹಳ. ಓಡುತ್ತಿರುವಾಗಲೂ ಪೊಲೈಟ್ ಇಟ್ಟರೆ, ಪುಟದ ತಳದಲ್ಲಿ ಅಂಗಡಿಯ ಫೋನ್ ಸಂಖ್ಯೆ ಕೇಳಿಕೊಳ್ಳುತ್ತಿರುವವರ ನಡುವೆ "ಶೇಕಡ ಮೂವತ್ತು ರಿಯಾಯಿತಿ" ಎಂಬ ಮಾತು ಕೆಲವು ಸೆಕೆಂಡಿಗೊಮ್ಮೆ ನುಗ್ಗುತ್ತಲೇ ಇರುತ್ತದೆ. ಸುಗಮ್ಯತೆಗೆಂದು ಸೇರಿಸಿದ್ದೇ ಅವರನ್ನು ಪುಟದಿಂದ ಓಡಿಸುತ್ತದೆ. ನಿಂತಿರುವಾಗ ಪೊಲೈಟ್ ಇದ್ದರೆ, ಅವರು "ಮುಂದಿನ ಸ್ಲೈಡ್" ಗುಂಡಿ ಒತ್ತಿದಾಗ ಬಂದ ಸ್ಲೈಡನ್ನು ದನಿ ತಾನೇ ಓದಿ ಹೇಳುತ್ತದೆ. ಫೋಕಸ್ ಗುಂಡಿಯ ಮೇಲೇ ಉಳಿಯುವುದರಿಂದ ಮತ್ತೆ ಒತ್ತಬಹುದು. ಗುಂಡಿ ಒತ್ತಿದಾಗ ಫೋಕಸನ್ನು ಎತ್ತಿ ಸ್ಲೈಡಿನೊಳಗೆ ಹಾಕುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬಿಡಿ. ಕೊನೆಯ ಸ್ಲೈಡ್ ಬಂದಾಗ "ಮುಂದಿನ" ಗುಂಡಿಯನ್ನು ಪೂರ್ತಿ ನಿಷ್ಕ್ರಿಯಗೊಳಿಸಿದರೂ ಫೋಕಸ್ ಕಳೆದುಹೋಗಬಹುದು.

ಕೀಬೋರ್ಡ್ ಬಳಸುವವರಿಗೆ ಅತಿ ಹೆಚ್ಚು ಕಾಟ ಕೊಡುವುದು ಮರೆಯಲ್ಲಿರುವ ಸ್ಲೈಡುಗಳು. ಅನೇಕ ಸ್ಲೈಡರುಗಳು ಕಾಣದ ಸ್ಲೈಡನ್ನು ಪರದೆಯಾಚೆ ತಳ್ಳುತ್ತವೆ ಅಥವಾ ಪಾರದರ್ಶಕ ಮಾಡುತ್ತವೆ, ಅಷ್ಟೇ. ಅದರೊಳಗಿನ ಲಿಂಕು ಜೀವಂತವಾಗಿಯೇ ಇರುತ್ತದೆ. ಟ್ಯಾಬ್ ಒತ್ತಿದರೆ ಫೋಕಸ್ ಕಾಣದ ಲಿಂಕಿನ ಮೇಲೆ ಹೋಗುತ್ತದೆ. ಮತ್ತೆ ಒತ್ತಿದರೆ ಇನ್ನೊಂದು ಕಾಣದ ಲಿಂಕು. ಹೀಗೆ ನಾಲ್ಕೈದು ಸಲ ಪರದೆಯ ಮೇಲೆ ಏನೂ ಅಲುಗಾಡದೆ, ಕೀಲಿಯೇ ಕೆಟ್ಟಿದೆಯೇನೋ ಎನಿಸುತ್ತದೆ. ಕಾಣದ ಸ್ಲೈಡಿಗೆ ವಿಸಿಬಿಲಿಟಿ ಹಿಡನ್ ಅಥವಾ ಇನರ್ಟ್ ಗುಣ ಕೊಡಿ. ಏರಿಯಾ-ಹಿಡನ್ ಒಂದನ್ನೇ ಕೊಟ್ಟರೆ ಅರ್ಧ ಮಾತ್ರ ಮುಚ್ಚಿದಂತೆ: ದನಿಗೆ ಅದು ಇಲ್ಲ, ಟ್ಯಾಬ್ ಕೀಲಿಗೆ ಇದೆ, ಹಾಗಾಗಿ ಬಳಸುವವರು ಹೆಸರಿಲ್ಲದ ಜಾಗದಲ್ಲಿ ನಿಂತಿರುತ್ತಾರೆ. ಕೊನೆಯಿಂದ ಮೊದಲಿಗೆ ಸುತ್ತುವ ಭ್ರಮೆ ಹುಟ್ಟಿಸಲು ಸ್ಲಿಕ್, ಔಲ್ ಕ್ಯಾರೊಸೆಲ್ ಮುಂತಾದ ಹಳೆಯ ಲೈಬ್ರರಿಗಳು ಸ್ಲೈಡುಗಳ ನಕಲು ಮಾಡಿ ಇಡುತ್ತವೆ. ಆ ನಕಲುಗಳನ್ನೂ ಹೀಗೆಯೇ ಮುಚ್ಚದಿದ್ದರೆ ಒಂದೇ ಸುದ್ದಿ ಎರಡೆರಡು ಸಲ ಎದುರಾಗಬಹುದು.

ಕೆಳಗಿನ ಚುಕ್ಕಿಗಳು ನಿಜವಾದ ಗುಂಡಿಗಳಾಗಿರಲಿ, ಪ್ರತಿಯೊಂದಕ್ಕೂ ಹೆಸರಿರಲಿ, ಈಗಿನ ಸ್ಲೈಡ್ ಯಾವುದೆಂಬ ಗುರುತು ಬಣ್ಣದಲ್ಲಷ್ಟೇ ಅಲ್ಲದೆ ದನಿಗೂ ಸಿಗಲಿ. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಒತ್ತುವ ಜಾಗ 24 ಪಿಕ್ಸೆಲ್ ಉದ್ದಗಲ ಇರಬೇಕು, ಇಲ್ಲವೇ ಸುತ್ತ ಅಷ್ಟು ಬಿಡುವಿರಬೇಕು ಎನ್ನುತ್ತದೆ. ಎಳೆದು ಸರಿಸುವುದೊಂದೇ ದಾರಿ ಆಗಿರಬಾರದು ಎಂಬುದೂ ಅದರಲ್ಲಿದೆ. ಫೋನಿನಲ್ಲಿ ಇದು ಬಹಳ ಮುಖ್ಯ: ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಬಳಸುವವರು ಬೆರಳನ್ನು ಬಲಕ್ಕೆ ಸರಿಸಿದರೆ ಸ್ಲೈಡ್ ಸರಿಯುವುದಿಲ್ಲ, ದನಿ ಪುಟದ ಮುಂದಿನ ಅಂಶಕ್ಕೆ ಹೋಗುತ್ತದೆ. ಗುಂಡಿ ಇಲ್ಲದ ಸ್ಲೈಡರಿನಲ್ಲಿ ಅವರು ಮೊದಲ ಸ್ಲೈಡಿನಾಚೆ ಹೋಗುವುದೇ ಕಷ್ಟ.

ಲೈಬ್ರರಿಯ ಆಯ್ಕೆಯ ಬಗ್ಗೆ ಒಂದೇ ಮಾತು. ಸ್ವೈಪರ್ ಎಂಬ ಲೈಬ್ರರಿಯಲ್ಲಿ ಸುಗಮ್ಯತೆಗೆಂದೇ ಒಂದು ಭಾಗವಿದೆ, ಆದರೆ ಅದರ ಗುಂಡಿಗಳ ಹೆಸರು ಮೂಲತಃ ಇಂಗ್ಲಿಷಿನಲ್ಲಿರುತ್ತದೆ. ನೀವೇ ಕನ್ನಡದ ಹೆಸರು ತುಂಬಬೇಕು. ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಮುಂದಿನ ಪತ್ರ ಹೇಳುತ್ತದೆ.

ಪ್ರಶ್ನೆ: ನಾನು ಹುಟ್ಟು ಅಂಧ, ಬ್ಯಾಂಕ್ ನೌಕರ. ಕನ್ನಡ ಜಾಲತಾಣಗಳಲ್ಲಿ ಸ್ಲೈಡರ್ ಬಂದರೆ ಕನ್ನಡದ ನಡುವೆ "ನೆಕ್ಸ್ಟ್", "ಪ್ರೀವಿಯಸ್" ಎಂದು ಬೇರೆ ದನಿಯಲ್ಲಿ ಕೇಳಿಸುತ್ತದೆ, ಕೆಲವೆಡೆ ಬರೀ "ಬಟನ್, ಬಟನ್" ಎನ್ನುತ್ತದೆ. ಕೆಲವು ತಾಣಗಳ ಕನ್ನಡವಂತೂ ಅರ್ಥವೇ ಆಗುವುದಿಲ್ಲ. ನಾನು ಯಾರನ್ನು, ಏನೆಂದು ಕೇಳಬೇಕು? (ಧಾರವಾಡದ ಓದುಗರು)

ಉತ್ತರ: ನಿಮ್ಮ ಸ್ಕ್ರೀನ್ ರೀಡರ್ ಸರಿಯಾಗಿಯೇ ಇದೆ. ಹೆಸರೇ ಇಲ್ಲದ ಗುಂಡಿಯನ್ನು ಅದು "ಬಟನ್" ಎನ್ನದೆ ಇನ್ನೇನು ಹೇಳಬಲ್ಲದು? ಬಾಣದ ಚಿತ್ರವನ್ನಷ್ಟೇ ಇಟ್ಟು ಹೆಸರು ಬರೆಯದೆ ಹೋದವರ ತಪ್ಪು ಅದು. ಕನ್ನಡ ಅರ್ಥವಾಗದಿರಲು ಸಾಮಾನ್ಯವಾಗಿ ಎರಡು ಕಾರಣಗಳು. ಪುಟದ ಭಾಷೆ ಕನ್ನಡ ಎಂಬ ಗುರುತು, ಎಂದರೆ ಲ್ಯಾಂಗ್ ಗುಣಕ್ಕೆ "ಕೆಎನ್" ಎಂಬ ಸಂಕೇತ, ಇಲ್ಲದಿದ್ದರೆ ಇಂಗ್ಲಿಷ್ ದನಿಯೇ ಕನ್ನಡ ಅಕ್ಷರಗಳ ಮೇಲೆ ಹೆಣಗುತ್ತದೆ. ಎನ್‌ವಿಡಿಎ ಜೊತೆಗೇ ಬರುವ, ಪಠ್ಯವನ್ನು ದನಿಯಾಗಿಸುವ ಇಸ್ಪೀಕ್ ಎನ್‌ಜಿಗೆ ಕನ್ನಡ ಬರುತ್ತದೆ, ಆದರೆ ಯಾವಾಗ ಕನ್ನಡಕ್ಕೆ ಹೊರಳಬೇಕೆಂದು ಪುಟವೇ ಹೇಳಬೇಕು. ಇನ್ನೊಂದು ಕಾರಣ, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಹಾಗೆಯೇ ಪುಟಕ್ಕೆ ಸುರಿದಿರುವುದು. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ.

ಸರಿಪಡಿಸುವ ತನಕ ನೀವು ಮಾಡಬಹುದಾದದ್ದು: ಎನ್‌ವಿಡಿಎಯಲ್ಲಿ ಎಚ್ ಕೀಲಿ ಮುಂದಿನ ಶೀರ್ಷಿಕೆಗೂ ಡಿ ಕೀಲಿ ಮುಂದಿನ ಮುಖ್ಯ ವಿಭಾಗಕ್ಕೂ ಒಯ್ಯುತ್ತದೆ, ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಲಿಂಕುಗಳ ಪಟ್ಟಿ ಸಿಗುತ್ತದೆ. ನಿಮಗೆ ಇವು ತಿಳಿದೇ ಇರಬಹುದು. ಹೊಸದಾಗಿ ಕಲಿಯುತ್ತಿರುವ ಓದುಗರಿಗಾಗಿ ಬರೆದೆ. ಆದರೆ ಇದು ಸುತ್ತು ದಾರಿ, ನೀವು ಕೇಳಬೇಕಾದದ್ದು ನೇರ ದಾರಿಯನ್ನೇ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೆಯ ಕಲಮು ವಿದ್ಯುನ್ಮಾನ ಮಾಧ್ಯಮದ ವಿಷಯವೆಲ್ಲ ಸುಗಮ್ಯ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 46ನೆಯ ಕಲಮು ಖಾಸಗಿ ಸೇವೆಗಳನ್ನೂ ಒಳಗೆ ತರುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೇ ಹೇಳಿತು. ಸರ್ಕಾರಿ ಜಾಲತಾಣವಾದರೆ ಅದರಲ್ಲಿ ವೆಬ್ ಮಾಹಿತಿ ವ್ಯವಸ್ಥಾಪಕರ ವಿಳಾಸ ಇರಬೇಕೆಂದು ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯೇ ಹೇಳುತ್ತದೆ; ಮೊದಲು ಅವರಿಗೆ ಬರೆಯಿರಿ. ಪತ್ರದಲ್ಲಿ ಪುಟದ ವಿಳಾಸ, ಬ್ರೌಸರ್ ಮತ್ತು ಸ್ಕ್ರೀನ್ ರೀಡರಿನ ಹೆಸರು, ಯಾವ ಕೀಲಿ ಒತ್ತಿದಿರಿ, ಏನು ಕೇಳಿಸಿತು, ಏನು ಕೇಳಿಸಬೇಕಿತ್ತು ಎಂಬುದು ಇರಲಿ. "ನಿಮ್ಮ ತಾಣ ಅಂಧರಿಗೆ ಸರಿಯಿಲ್ಲ" ಎಂಬ ಪತ್ರ ಕಡತ ಸೇರುತ್ತದೆ. "ಸ್ಲೈಡರಿನ ಎರಡು ಗುಂಡಿಗಳಿಗೆ ಹೆಸರಿಲ್ಲ" ಎಂಬ ಪತ್ರ ತಂತ್ರಜ್ಞರ ಮೇಜಿಗೆ ಹೋಗುತ್ತದೆ. ಉತ್ತರ ಬಾರದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡುವ ಹಕ್ಕು ನಿಮಗಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 74. ಕಣ್ಣು ಪರವಾಗಿಲ್ಲ, ಕೈ ನಡುಗುತ್ತದೆ, ಮೌಸ್ ಹಿಡಿಯಲಾರೆ. ಚಿತ್ರಗಳು ಜಾರುತ್ತಾ ಹೋದರೆ ತಲೆ ಸುತ್ತುತ್ತದೆ. ನನ್ನ ಕಡೆಯಿಂದ ಏನಾದರೂ ಮಾಡಬಹುದೆ? (ಮೈಸೂರಿನ ಓದುಗರು)

ಉತ್ತರ: ಮಾಡಬಹುದು, ಗುರುಗಳೇ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಆಕ್ಸೆಸಿಬಿಲಿಟಿಯಲ್ಲಿ ವಿಶುವಲ್ ಎಫೆಕ್ಟ್ಸ್ ಎಂಬಲ್ಲಿ ಅನಿಮೇಶನ್ ಎಫೆಕ್ಟ್ಸನ್ನು ಆಫ್ ಮಾಡಿ. ಐಫೋನಿನಲ್ಲಿ ಅದರ ಹೆಸರು ರಿಡ್ಯೂಸ್ ಮೋಶನ್, ಆಂಡ್ರಾಯ್ಡಿನಲ್ಲಿ ರಿಮೂವ್ ಅನಿಮೇಶನ್ಸ್. ಬ್ರೌಸರ್ ನಿಮ್ಮ ಈ ಇಚ್ಛೆಯನ್ನು ಜಾಲತಾಣಕ್ಕೆ ತಿಳಿಸುತ್ತದೆ. ತಾಣ ಕಟ್ಟಿದವರು ಅದಕ್ಕೆ ಕಿವಿಗೊಟ್ಟಿದ್ದರೆ ಜಾರಾಟ ನಿಲ್ಲುತ್ತದೆ. ಬೆಂಗಳೂರಿನ ಓದುಗರು ಇದನ್ನೂ ಗಮನಿಸಬೇಕು: ಪ್ರಿಫರ್ಸ್-ರಿಡ್ಯೂಸ್ಡ್-ಮೋಶನ್ ಎಂಬ ಪ್ರಶ್ನೆಯನ್ನು ಸ್ಟೈಲ್ ಕಡತದಲ್ಲೂ ಸ್ಕ್ರಿಪ್ಟಿನಲ್ಲೂ ಕೇಳಿ, ಉತ್ತರ ಹೌದೆಂದಾದರೆ ತಾನಾಗಿ ಓಡುವುದನ್ನೂ ಜಾರುವುದನ್ನೂ ಎರಡನ್ನೂ ಕೈಬಿಡಬೇಕು. ಕೀಬೋರ್ಡಿನಲ್ಲಿ ಟ್ಯಾಬ್ ಮುಂದಕ್ಕೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಕ್ಕೆ, ಎಂಟರ್ ಒತ್ತಿದರೆ ಆಯ್ಕೆ.

ಪ್ರಶ್ನೆ: ನಮ್ಮ ತಂಡದಲ್ಲಿ ಅಂಧರು ಯಾರೂ ಇಲ್ಲ. ಸ್ಲೈಡರ್ ಸರಿಯಾಗಿದೆ ಎಂದು ನಾವೇ ಪರೀಕ್ಷಿಸುವುದು ಹೇಗೆ? (ಮಂಗಳೂರಿನ ಓದುಗರು)

ಉತ್ತರ: ಮೊದಲು ಮೌಸನ್ನು ಕಂಪ್ಯೂಟರಿನಿಂದ ಕಿತ್ತಿಡಿ. ಟ್ಯಾಬ್ ಒತ್ತುತ್ತಾ ಪುಟದ ಮೇಲಿನಿಂದ ಕೆಳಕ್ಕೆ ಬನ್ನಿ. ಪ್ರತಿ ಒತ್ತಿಗೂ ಫೋಕಸಿನ ಚೌಕಟ್ಟು ಎಲ್ಲಿದೆಯೆಂದು ಕಣ್ಣಿಗೆ ಕಾಣಬೇಕು. ಒಂದು ಸಲ ಕಾಣದಾದರೂ ಅಲ್ಲಿ ನಿಂತು ಕಾರಣ ಹುಡುಕಿ. ಸ್ಲೈಡರಿನೊಳಗೆ ಹೊಕ್ಕ ಕೂಡಲೇ ಓಟ ನಿಂತಿತೇ, ಹೊರಬರಲು ದಾರಿಯಿದೆಯೇ ಎಂದು ನೋಡಿ. ಇದಕ್ಕೆ ಹತ್ತು ನಿಮಿಷ ಸಾಕು, ಯಾವ ತಂತ್ರಾಂಶವೂ ಬೇಡ.

ಆಮೇಲೆ ಎನ್‌ವಿಡಿಎ ಇಳಿಸಿಕೊಳ್ಳಿ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆ ಅವರೊಂದಿಗೆ ಬೆಳೆಸಿದ ಈ ತಂತ್ರಾಂಶ ಉಚಿತ, ಮುಕ್ತ ಆಕರದ್ದು. ಇಬ್ಬರೂ ಸ್ವತಃ ಅಂಧರು. ಅದರಲ್ಲಿ ಸ್ಕ್ರೀನ್ ಕರ್ಟನ್ ಎಂಬ ಸೌಲಭ್ಯವಿದೆ, ಪರದೆಯನ್ನು ಪೂರ್ತಿ ಕಪ್ಪಾಗಿಸುತ್ತದೆ. ಪರದೆ ಕಾಣುತ್ತಿದ್ದರೆ ಕಣ್ಣು ಕಿವಿಗಿಂತ ಮುಂದೆ ಓಡಿ, ದನಿ ಹೇಳದೆ ಬಿಟ್ಟದ್ದನ್ನು ನಮಗರಿವಿಲ್ಲದೆಯೇ ತುಂಬಿಕೊಡುತ್ತದೆ. ಹಾಗಾಗಿ ಕರ್ಟನ್ ಎಳೆದೇ ಕೂರಿ. ತಂಡದಲ್ಲಿ ಆ ಪುಟವನ್ನು ಕಟ್ಟದವರೊಬ್ಬರಿಗೆ ಒಂದು ಕೆಲಸ ಕೊಡಿ: ನಾಲ್ಕನೆಯ ಸ್ಲೈಡಿನಲ್ಲಿ ಏನಿದೆ ಎಂದು ಕೇಳಿ ಹೇಳಲಿ, ಅಲ್ಲಿಂದ ಆ ಸುದ್ದಿಯ ಪುಟಕ್ಕೆ ಹೋಗಲಿ. ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಿ. ಇದೆಲ್ಲ ಮುಗಿದ ಮೇಲೆ, ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನು ಕರೆಸಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು ಅದೇ ಕೆಲಸವನ್ನು ಮಾಡಲು ಕೇಳಿಕೊಳ್ಳಿ. ಅವರು ಮಾಡುವಾಗ ನಡುವೆ ದಾರಿ ಹೇಳಿಕೊಡಬೇಡಿ.